ಗಟಾರದ ಕೆಂಪು ನೀರು

ಜನವರಿ 21, 1997, ಮಂಗಳವಾರ

ಮೋಟೆಬೆನ್ನೂರು. ಐವತ್ತೆಂಟು ಮನೆ, ಜ್ವರದವರು ನಾಲ್ವರು, ನಾಲ್ಕು ರಕ್ತದ ಸ್ಲೈಡ್. ಬೆರಳು ಚುಚ್ಚಿಸಿಕೊಳ್ಳುವಾಗ ಮೀಸೆ ಇರುವ ಗಂಡಸರೂ ಕಣ್ಣು ಮುಚ್ಚುತ್ತಾರೆ. ಹನ್ನೊಂದು ವರ್ಷದಿಂದ ಇದೇ ನೋಟ. ಮಲೇರಿಯಾ ಸಾಬ ಅಂದರೆ ತಾಲೂಕಿಗೆಲ್ಲ ಗೊತ್ತು, ಶಾಬುದ್ದೀನ ಅಂದರೆ ಯಾರಿಗೂ ಗೊತ್ತಿಲ್ಲ.

ರಂಜಾನ್. ಹತ್ತು ರೋಜಾ, ಹತ್ತು ಉಪವಾಸ ಆದವು. ಬೀಡಿ ಇಲ್ಲ, ಚಹಾ ಇಲ್ಲ, ಬಿಸಿಲಿನಲ್ಲಿ ಸೈಕಲ್ ತುಳಿದು ತಲೆ ಸಿಡಿಯುತ್ತಿದೆ. ಇಂಥ ಹೊತ್ತಿನಲ್ಲಿ ಬ್ಯಾಡಗಿಗೆ, ಮನೆಗೆ ಬಂದರೆ ಎದುರಿಗೆ ಗೋಡೆ.

ಗೋಡೆ ಎತ್ತಿ ಎರಡೂವರೆ ವರ್ಷ. ಆಚೆ ಅಣ್ಣ ಅಲ್ಲಾವುದ್ದೀನ, ಅವನ ಹೆಂಡತಿ ಹಸೀನಾಬಿ, ನನ್ನ ಭಾಬಿ. ಈಚೆ ನಾನು, ನನ್ನ ಹೆಂಡತಿ ಸಕೀನಾಬಿ. ಪಾಲಿನ ದಿನ ಭಾಬಿ ಹತ್ತು ಜನರ ಮುಂದೆ, “ನನ್ನ ಕೈಯಾಗ ಉಂಡು ಬೆಳದವ ಇವತ್ತ ಅಳತಿ ಟೇಪ್ ಹಿಡಕೊಂಡು ಬಂದಾನ” ಅಂದಳು. ಅಂದಿನಿಂದ ಮಾತಿಲ್ಲ. ನಮ್ಮ ಅಬ್ಬಾ ಕಟ್ಟಿಸಿದ ನೀರಿನ ತೊಟ್ಟಿಯ ನಡುವೆಯೇ ಗೋಡೆ ಹಾದುಹೋಗಿದೆ. ಮೇಲೆ ಅರ್ಧ ಅವರಿಗೆ, ಅರ್ಧ ನಮಗೆ. ಒಳಗೆ ನೀರು ಒಂದೇ. ನಳ ಬರುವುದು ಎಂಟು ದಿನಕ್ಕೊಮ್ಮೆ. ತಿಂಗಳಿಗೊಬ್ಬರಂತೆ ತೊಳೆಯಬೇಕೆಂದು ಪಾಲುಪತ್ರದಲ್ಲಿದೆ. ಡಿಸೆಂಬರ್ ನನ್ನದು, ತೊಳೆದೆ. ಜನವರಿ ಅವನದು. ತೊಳೆದಿಲ್ಲ.

ಇಂದು ಬಗ್ಗಿ ನೋಡಿದೆ. ಸೊಳ್ಳೆಮರಿ. ತಲೆ ಕೆಳಗೆ ಮಾಡಿ ನೇತಾಡುತ್ತಿವೆ, ನೀರು ಅಲುಗಿದರೆ ಕೊಂಕುತ್ತ ತಳಕ್ಕೆ ಇಳಿಯುತ್ತವೆ. ನಾನೇಕೆ ತೊಳೆಯಲಿ… ಔಷಧದ ಬಾಟಲಿಯಲ್ಲಿ ಒಂದಿಷ್ಟು ಹಿಡಿದು, ಚೀಟಿ ಅಂಟಿಸಿ, ತಾರೀಖು ಬರೆದು ಕಿಟಕಿಯಲ್ಲಿಟ್ಟಿದ್ದೇನೆ. ತಿಂಗಳು ಮುಗಿಯಲಿ. ಸೂಪರ್‌ವೈಜರ್ ವಿರೂಪಾಕ್ಷಪ್ಪನವರ ಮುಂದಿಟ್ಟು ಅಣ್ಣನಿಗೆ ನೋಟಿಸು ಕೊಡಿಸುತ್ತೇನೆ. ಸರಕಾರಿ ಸೀಲು ಬಿದ್ದ ಕಾಗದ ಕೈಗೆ ಬಂದಾಗ ಅವನ ಮುಖ ನೋಡಬೇಕು.

ಜನವರಿ 23, ಗುರುವಾರ

ಹಾವೇರಿಯಲ್ಲಿ ಟ್ರೇನಿಂಗ್. ಎಲ್ಲರಿಗೂ ಚಹಾ, ಉಪ್ಪಿಟ್ಟು. ನನಗೆ ವಾಸನೆ.

ಧಾರವಾಡದಿಂದ ಬಂದ ಡಾಕ್ಟರು. ಡೆಂಗ್ಯೂ ಅಂತ ಜ್ವರ. ಹೋದ ವರ್ಷ ದಿಲ್ಲಿಯಲ್ಲಿ ಜನ ಸತ್ತದ್ದು ಪೇಪರಿನಲ್ಲಿ ಬಂದಿತ್ತಲ್ಲ, ಅದೇ. ಬರೆದುಕೊಂಡದ್ದು: ಒಮ್ಮೆಲೇ ಏರುವ ಜ್ವರ. ಕಣ್ಣುಗುಡ್ಡೆಯ ಹಿಂದೆ ನೋವು, ಬೆಳಕು ನೋಡಲಾಗುವುದಿಲ್ಲ. ಎಲುಬು ಮುರಿದ ಹಾಗೆ ಮೈಕೈ ನೋವು. ಮುಖ ಕೆಂಪು, ಕಣ್ಣು ಕೆಂಪು, ಆಮೇಲೆ ಮೈಮೇಲೆ ಕೆಂಪು ಚುಕ್ಕೆ. ವಾಂತಿ. ಕೆಲವರಿಗೆ ಮೂಗಿನಿಂದ, ವಸಡಿನಿಂದ ರಕ್ತ. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು — ಇದನ್ನು ಮೂರು ಸಲ ಹೇಳಿದರು. ಮನೆಯವರು ಗುಣವಾಯಿತು ಅಂದುಕೊಳ್ಳುತ್ತಾರೆ, ರೋಗಿಯ ಕೈಕಾಲು ತಣ್ಣಗಾಗುತ್ತವೆ. ನೀರು ಕುಡಿಸುತ್ತಲೇ ಇರಬೇಕು. ಆಸ್ಪಿರಿನ್ ಕೊಡಬಾರದು, ರಕ್ತ ಇನ್ನೂ ಹೆಚ್ಚು ಹೋಗುತ್ತದೆ. ಈ ಸೊಳ್ಳೆ ಕೊಳಚೆಯದಲ್ಲ. ಮನೆಯಲ್ಲಿ ತುಂಬಿಟ್ಟ ಸ್ವಚ್ಛ ನೀರಿನದು, ಹಗಲು ಕಚ್ಚುತ್ತದೆ.

ನಾನು ಎದ್ದು ಕೇಳಿದೆ, “ಸರ್, ನಮ್ಮ ಬ್ಯಾಡಗ್ಯಾಗ ಈ ಹಂಗಾಮಿನಾಗ ಯಾರ ಕಣ್ಣು ಕೆಂಪಾಗಿಲ್ರಿ? ಮೆಣಸಿನಕಾಯಿ ಘಾಟಿಗೆ ಊರಿಗೂರ ಅಳಾಕತ್ತೈತಿ.”

ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ. “ಬರೇ ನೋಡಬ್ಯಾಡ್ರಿ, ಮೈ ಮುಟ್ಟಿ ನೋಡ್ರಿ. ಕಣ್ಣಿಗೆ ಎಲ್ಲಾ ಒಂದ ಕಾಣತಾವು, ಕೈಗೆ ಗೊತ್ತಾಗತೈತಿ.”

ದೊಡ್ಡ ಮಾತು. ಬಸ್ಸಿನಲ್ಲಿ ಬರುವಾಗ ತೊಟ್ಟಿ ನೆನಪಾಯಿತು. ಬಾಟಲಿಗೆ ತೂಕ ಬಂತು ಅಂದುಕೊಂಡೆ.

ಜನವರಿ 25, ಶನಿವಾರ

ಇಂದು ನಮ್ಮದೇ ಓಣಿ. ಪ್ರತಿ ಮನೆಯ ಬಾಗಿಲ ಪಕ್ಕ ಕಾವಿ ಬಣ್ಣದ ಚೌಕ. ಒಳಗೆ ಹೋಗಿ ಜ್ವರದವರಿದ್ದಾರೆಯೇ ಕೇಳಿ, ನೀರು ನೋಡಿ, ಹೊರಬಂದು ಚೌಕದಲ್ಲಿ ತಾರೀಖು, ಸಹಿ. ಅದೇ ನಿಯಮ.

ಅಣ್ಣನ ಮನೆಗೆ ನಿಯಮವಿಲ್ಲ. ಎರಡೂವರೆ ವರ್ಷದಿಂದ ಬೀದಿಯಲ್ಲೇ ನಿಂತು ಸಹಿ ಹಾಕಿ ಮುಂದೆ ಹೋಗುತ್ತೇನೆ. ಅಂಗಳದಲ್ಲಿ ಹತ್ತು ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. ಘಾಟು ಬೀದಿಗೆ ಬಡಿಯುತ್ತಿತ್ತು. ನಾಲ್ಕು ಸಲ ಸೀನಿದೆ. ಒಳಗಿನಿಂದ ಭಾಬಿ ನೋಡಿದಳು, ನೋಡದವಳ ಹಾಗೆ ಸೆರಗು ಎಳೆದುಕೊಂಡಳು. ಸಹಿ ಹಾಕಿದೆ, ಬಂದೆ.

ಜನವರಿ 28, ಮಂಗಳವಾರ

ಸಂಜೆ ರೋಜಾ ಬಿಟ್ಟು ಖರ್ಜೂರ ಬಾಯಿಗೆ ಹಾಕುತ್ತಿದ್ದಂತೆ ಸಕೀನಾಬಿ ಶುರು ಮಾಡಿದಳು. “ಭಾಬಿಗೆ ನಿನ್ನಿಯಿಂದ ಮೈ ಕಾದೈತಂತ. ಕಣ್ಣು ತೆಗಿಯಾಕ ಆಗವಲ್ದಂತ.”

“ದಿನಾ ಮೆಣಸಿನಕಾಯಿ ರಾಶಿ ಮುಂದ ಕುಂತ್ರ ಕಣ್ಣು ತಂಪ ಇರತಾವೇನು?”

“ಊರ ಮಂದೀನೆಲ್ಲಾ ನೋಡ್ತೀರಿ. ಒಂದ್ ಸಲ ಹೋಗಿ ನೋಡಬಾರದ?”

“ಕರೀಲಿ. ಕರದ್ರ ಹೋಗ್ತೇನಿ.”

ಕರೆಯಲಿಲ್ಲ. ಇಂದು ಬೆಳಿಗ್ಗೆಯೇ ಕೆಲಸಕ್ಕೆ ಹೋಗುವಾಗ ಭಾಬಿಯನ್ನು ನೋಡಿದ್ದೆ, ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು. ಮುಖ ಕೆಂಪು, ಕಣ್ಣು ಕೆಂಪು. ನನ್ನನ್ನು ಕಂಡು ಮುಖ ಗೋಡೆಗೆ ತಿರುಗಿಸಿದಳು. ಈ ಸೊಕ್ಕಿಗೆ ಯಾವ ಸ್ಲೈಡೂ ಬೇಕಾಗಿಲ್ಲ, ದೂರದಿಂದಲೇ ಗೊತ್ತಾಗುತ್ತದೆ.

ಮೋಟೆಬೆನ್ನೂರಿನಲ್ಲಿ ಇಂದು ಮೂವತ್ತು ಮನೆಗೆ ಡೆಂಗ್ಯೂ ಲಕ್ಷಣ ಹೇಳಿದೆ. ಗಂಟಲು ಒಣಗಿತು.

ಜನವರಿ 30, ಗುರುವಾರ

ತಿಂಗಳ ಕೊನೆ. ಮನೆಯಲ್ಲೇ ಕೂತು ರಿಪೋರ್ಟು ಬರೆದೆ. ಕೂತದ್ದರಿಂದ ಒಂದು ಸಂಗತಿ ಗೊತ್ತಾಯಿತು.

ಅವರ ಬಚ್ಚಲ ನೀರು ನಮ್ಮ ಅಂಗಳದ ಅಂಚಿನ ತೆರೆದ ಗಟಾರದಲ್ಲಿ ಹರಿದು ಬೀದಿಗೆ ಹೋಗುತ್ತದೆ. ಅದೂ ಪಾಲುಪತ್ರದ ದಯೆ. ಮಧ್ಯಾಹ್ನ ಒಂದು ಗಂಟೆಗೆ ನೀರು ಕೆಂಪಾಗಿ ಬಂತು. ಎಲೆ ಅಡಿಕೆ ಉಗುಳು. ಭಾಬಿ ಎಲೆ ಅಡಿಕೆ ಇಲ್ಲದೆ ಅರ್ಧ ಗಂಟೆ ಕೂತವಳಲ್ಲ, ಸೊಂಟದಲ್ಲಿ ಸದಾ ಚಂಚಿ ಚೀಲ. ಬೇರೆ ತಿಂಗಳಾದರೆ ಹೋಗಲಿ ಅನ್ನಬಹುದಿತ್ತು. ರಂಜಾನಿನಲ್ಲಿ, ಹಗಲಿನಲ್ಲಿ?

ಐದು ಗಂಟೆಗೆ ಮತ್ತೆ. ಸಂಜೆ ಆರೂಕಾಲಕ್ಕೆ ಮತ್ತೆ. ರಿಪೋರ್ಟಿನ ಹಿಂಬದಿಯಲ್ಲಿ ಹೊತ್ತು ಬರೆದಿಟ್ಟುಕೊಂಡೆ. ನನಗೆ ರೋಜಾದ ತಲೆನೋವು, ಅವಳಿಗೆ ನಮ್ಮ ಗಟಾರದಲ್ಲಿ ಎಲೆ ಅಡಿಕೆ ಉಗುಳುವ ಸುಖ.

ಜನವರಿ 31, ಶುಕ್ರವಾರ

ಇಂದು ತೀರಿಸಿಕೊಂಡೆ.

ಜುಮ್ಮಾ ನಮಾಜ್ ಮುಗಿಸಿ ಬಂದೆ. ಗಟಾರ ಕೆಂಪು. ಇನ್ನೂ ಹರಿಯುತ್ತಿತ್ತು. ಬೀದಿಯಲ್ಲಿ ನಮಾಜಿನಿಂದ ಮರಳುವ ಜನ. ತೊಟ್ಟಿಯ ಅಂಚಿನ ಮೇಲೆ ಹತ್ತಿ ನಿಂತೆ. ನಮ್ಮ ಮನೆಮಾತು ಉರ್ದು, ಆದರೆ ಜಗಳ ಮೊದಲಿನಿಂದಲೂ ಕನ್ನಡದಲ್ಲಿ. ಓಣಿಗೆ ತಿಳಿಯದ ಜಗಳವನ್ನು ನಮ್ಮ ಮನೆತನದಲ್ಲಿ ಯಾರೂ ಆಡಿಲ್ಲ.

“ಓಣಿಯವರು ಬಂದು ನೋಡ್ರಿ. ರೋಜಾ ಅಂತ ಹೇಳ್ಕೋತ ಹಾಡಹಗಲ ಎಲಿ ಜಗಿಯೋರು ಯಾರು ಅಂತ ನೋಡ್ರಿ. ಗಟಾರ ಸುಳ್ಳ ಹೇಳೂದಿಲ್ಲ.”

ಜನ ನಿಂತರು. ಮಸೀದಿಯ ಹಿರಿಯ ರಹಿಮಾನಸಾಬರು ಗಟಾರ ನೋಡಿ, ನನ್ನನ್ನು ನೋಡಿ, “ಶಾಬುದ್ದೀನ, ರಂಜಾನಿನಾಗ ಬಾಯೂ ರೋಜಾ ಇರಬೇಕಪ್ಪಾ” ಅಂದರು. ಉಳಿದವರು ಮಾತ್ರ ಗಟಾರವನ್ನೇ ನೋಡಿದರು.

ಅಣ್ಣ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿದ್ದ. ಗೋಡೆಯ ಆಚೆಯಿಂದ ಭಾಬಿಯ ದನಿ, ಸಣ್ಣಗೆ. “ಶಾಬು, ನಾ ರೋಜಾ ಇದ್ದೇನಿ.”

“ಹಂಗಾದ್ರ ಈ ಕೆಂಪ ಯಾರ್ದು?”

ಹತ್ತು ಜನರ ಮುಂದೆ ಅಂದವಳಿಗೆ ಓಣಿಯ ಮುಂದೆ ಅಂದೆ. ಎರಡೂವರೆ ವರ್ಷದಲ್ಲಿ ಮೊದಲ ಸಲ, ಸಂಜೆ ರೋಜಾ ಬಿಟ್ಟಾಗ, ಊಟ ರುಚಿಸಿತು. ಸಕೀನಾಬಿ ಮಾತ್ರ ನನ್ನ ತಾಟು ಬಡಿದಿಟ್ಟು ಒಳಗೆ ಹೋದಳು.

ಫೆಬ್ರವರಿ 1, ಶನಿವಾರ, ಸಂಜೆ 4.10

ಮುತ್ತವ್ವ ಬಂದಿದ್ದಳು. ಅಣ್ಣನ ಅಂಗಳದಲ್ಲಿ ತೊಟ್ಟು ಬಿಡಿಸುವವಳು. ಬಾಗಿಲಲ್ಲೇ ನಿಂತಳು.

“ಸಾಬ್ರ, ನಿನ್ನೆ ನೀವು ಎಲಿ ಜಗೀತಾರ ಅಂದ್ರಲ್ಲ. ಹಸೀನವ್ವಾರ ಚಂಚಿ ಐದ ದಿನದಿಂದ ನನ್ನ ಹಂತ್ಯಾಕ ಐತ್ರಿ. ವಾಸನಿಗೇ ವಾಂತಿ ಬರತೈತಿ, ನೀನ ಇಟ್ಕೋ ಅಂದಾರ.”

ಸೊಂಟದಿಂದ ತೆಗೆದು ತೋರಿಸಿದಳು. ಹಸಿರು ಬಟ್ಟೆ, ಮಣಿ ಹೊಲಿದ ಅಂಚು. ನನಗೆ ಗೊತ್ತಿರುವ ಚಂಚಿ.

“ಮತ್ತ ಉಗುಳೂದು ಏನು?”

“ನನಗೇನ್ ಗೊತ್ರಿ. ಬಾಯಿ ಮುಕ್ಕಳಿಸಿದ್ರ ಕೆಂಪ ಬರತೈತಿ. ಹಲ್ಲಿನ ಬ್ಯಾನಿ ಅಂತಾರ. ಜ್ವರಾ ಐತಿ, ರೋಜಾ ಬಿಡ್ರಿ, ನೀರರ ಕುಡೀರಿ ಅಂದೆ. ಓಣಿ ಮಂದಿ ಕೇಳ್ಯಾರ, ಈಗ ಬಿಟ್ರ ಶಾಬು ಹೇಳಿದ್ದ ಖರೇ ಆಗತೈತಿ ಅಂದ್ರು. ಇವತ್ತೂ ಹಗಲ ಹನಿ ನೀರ ನುಂಗಿಲ್ಲ.”

ಗಟಾರದ ಬಳಿ ಹೋಗಿ ಕೂತೆ. ಅಂಚಿನ ಕಲ್ಲಿನ ಮೇಲೆ ನಿನ್ನೆಯದು ಒಣಗಿತ್ತು. ಎಲೆ ಅಡಿಕೆ ಒಣಗಿದರೂ ಕೆಂಪಾಗಿಯೇ ಇರುತ್ತದೆ. ಇದು ಕಂದು, ಅಂಚಿಗೆ ಕಪ್ಪು, ಉಗುರಿನಿಂದ ಕೆರೆದರೆ ಪುಡಿ. ಹನ್ನೊಂದು ವರ್ಷ ಸ್ಲೈಡಿನ ಗಾಜಿನ ಮೇಲೆ ಇದು ಒಣಗುವುದನ್ನು ದಿನವೂ ನೋಡಿದ್ದೇನೆ. ಈ ತಾಲೂಕಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ರಿಪೋರ್ಟಿನ ಹಿಂದೆ ಬರೆದ ಹೊತ್ತು ನೋಡಿದೆ. ಒಂದು, ಐದು, ಆರೂಕಾಲು. ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುವ ಹೊತ್ತು. ಬಾಯಿ ಮುಕ್ಕಳಿಸಿ ಅಲ್ಲಾಹನ ಮುಂದೆ ನಿಲ್ಲುವ ಹೊತ್ತು. ನಾನೂ ಅದೇ ಹೊತ್ತಿಗೆ ಮುಕ್ಕಳಿಸುತ್ತೇನೆ.

ಜ್ವರ ಸೋಮವಾರದಿಂದ. ಇಂದಿಗೆ ಆರನೆಯ ದಿನ.

ಹೋಗಬೇಕು.

ಫೆಬ್ರವರಿ 2, ಭಾನುವಾರ, ಬೆಳಿಗ್ಗೆ

ಆದದ್ದು ಆದ ಹಾಗೆ ಬರೆಯುತ್ತೇನೆ.

ಅಣ್ಣ ಬಾಗಿಲಿಗೆ ಅಡ್ಡ ನಿಂತ. “ಯಾಕ ಬಂದಿ?”

“ಭಾಬೀನ್ನ ನೋಡಬೇಕು.”

“ಮುಂಜಾನಿಂದ ಜ್ವರಾ ಇಳದೈತಿ. ನಿನ್ನ ಉಪಕಾರ ಬ್ಯಾಡ.”

“ಇಳಿಯೂ ಹೊತ್ತ ಅಪಾಯದ್ದು. ಬಾಜೂ ಸರಿ.”

ತಳ್ಳಿಕೊಂಡು ಒಳಗೆ ಹೋದೆ. ಗೋಡೆ ಎತ್ತಿದ ಮೇಲೆ ಮೊದಲ ಸಲ. ಕತ್ತಲ ಮೂಲೆಯಲ್ಲಿ ಚಾಪೆಯ ಮೇಲೆ ಮಗ್ಗಲು ಬದಲಿಸುತ್ತ ಮಲಗಿದ್ದಳು, ಯಾವ ಮಗ್ಗಲೂ ಹಿತವಿಲ್ಲ. ಕೈ ಮುಟ್ಟಿದೆ. ತಣ್ಣಗೆ, ಒದ್ದೆ. ತೋಳಿನ ತುಂಬ ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕೆ. ಗೂಡಿನಲ್ಲಿ ತಲೆನೋವಿನ ಗುಳಿಗೆಯ ಪಟ್ಟಿ, ಆಸ್ಪಿರಿನ್, ಎಂಟು ಖಾಲಿ. ಬೆಳಗಿನ ಜಾವ ಸಹರಿ ಊಟಕ್ಕೆ ಎರಡು, ರೋಜಾ ಬಿಟ್ಟ ಮೇಲೆ ಎರಡು ಅಂತೆ. ಪ್ರೀತಿಯಿಂದ ಅಣ್ಣನೇ ತಂದುಕೊಟ್ಟದ್ದು.

“ನೀರ ಕುಡಿ ಭಾಬಿ.”

“ಹೊತ್ತ ಮುಳಗಲಿ.”

ಹೊತ್ತು ಮುಳುಗಲು ಇನ್ನೂ ಎರಡು ಗಂಟೆಯಿತ್ತು. ಬಗ್ಗಿ ಉರ್ದುವಿನಲ್ಲಿ ಮೆಲ್ಲಗೆ ಹೇಳಿದೆ, ನನ್ನ ತಪ್ಪು, ಮಾಫ್ ಮಾಡು ಅಂತ. ಕಣ್ಣು ತೆರೆಯದೆ ಕನ್ನಡದಲ್ಲಿ ಉತ್ತರ ಕೊಟ್ಟಳು. “ಈಗ ಯಾಕ ಉರ್ದು? ನಿನ್ನೆ ಕನ್ನಡದಾಗ ಹೇಳಿದ್ಯಲ್ಲ.”

ಮುತ್ತವ್ವ ಓಡಿ ರಹಿಮಾನಸಾಬರನ್ನು ಕರೆತಂದಳು. ಅವರು ಹೊಸ್ತಿಲ ಆಚೆಯೇ ನಿಂತು ಹೇಳಿದರು, “ಬ್ಯಾನಿ ಇದ್ದವರಿಗೆ ರೋಜಾ ಇಲ್ಲವ್ವಾ. ಗುಣಾ ಆದ ಮ್ಯಾಲೆ ಹಿಡದ್ರಾತು. ಇದು ನಾ ಹೇಳೂದಲ್ಲ, ನಮ್ಮ ಧರ್ಮ, ದೀನ್ ಹೇಳೂದು.” ಅವರ ಮಾತಿಗೆ ಎರಡು ಗುಟುಕು ಕುಡಿದಳು. ಮೂರನೆಯದು ಹೊರಬಂತು, ಕೆಂಪಾಗಿ.

ಹಾವೇರಿ ಆಸ್ಪತ್ರೆಗೆ ಮಾರ್ಕೆಟ್ಟಿನ ಟೆಂಪೋ. ಖಾಲಿ ಚೀಲ ಹಾಸಿ ಮಲಗಿಸಿದೆವು, ಚೀಲಕ್ಕೂ ಮೆಣಸಿನಕಾಯಿ ಘಾಟು. ದಾರಿಯಲ್ಲಿ ಹಾವೇರಿಯ ಡಾಕ್ಟರಿಗೆ ಚೀಟಿ ಬರೆದೆ. ಜ್ವರ ಎಷ್ಟು ದಿನ, ಯಾವತ್ತು ಇಳಿಯಿತು, ರಕ್ತ ಎಲ್ಲಿಂದ, ಗುಳಿಗೆ ಎಷ್ಟು. ಅಣ್ಣ ಚೀಟಿ ಓದಿದ. ಜೇಬಿನಲ್ಲಿಟ್ಟುಕೊಂಡ. ಮೋಟೆಬೆನ್ನೂರು ಬಂದಾಗ ಡ್ರೈವರನ ಬೆನ್ನು ತಟ್ಟಿ ಗಾಡಿ ನಿಲ್ಲಿಸಿದ.

“ಇಳಿ.”

“ಹಾವೇರಿತನಾ ಬರ್ತೇನಿ.”

“ಚೀಟಿ ಸಾಕು. ನೀ ಬ್ಯಾಡ.”

ಇಳಿದೆ. ಮೂವತ್ತು ಮನೆಗೆ ಲಕ್ಷಣ ಹೇಳಿದ ಊರಿನ ಹೈವೇ ಮೇಲೆ ನಿಂತು ಟೆಂಪೋ ಹೋಗುವುದನ್ನು ನೋಡಿದೆ. ರೋಜಾ ಬಿಡುವ ಹೊತ್ತಿಗೆ ಯಾರೋ ಒಂದು ಲೋಟ ನೀರು ಕೊಟ್ಟರು. ಕುಡಿಯಲು ಆಗಲಿಲ್ಲ.

ಫೆಬ್ರವರಿ 5, ಬುಧವಾರ

ಎರಡು ದಿನ ಏನೂ ಬರೆದಿಲ್ಲ. ಸುದ್ದಿ ಇಲ್ಲ. ಸೋಮವಾರ ಹಾವೇರಿಗೆ ಹೋಗಿದ್ದೆ, ಅಣ್ಣ ವಾರ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತಿದ್ದ. ಅವನ ಭುಜದ ಮೇಲಿಂದ ಸಲಾಯಿನ್ ಬಾಟಲಿ ಕಂಡಿತು, ಅವಳು ಕಾಣಲಿಲ್ಲ. ಬಾಟಲಿ ಇದೆ ಅಂದರೆ ಜೀವ ಇದೆ. ಅಷ್ಟು ತಿಳಿದು ಬಂದೆ.

ನಿನ್ನೆ ತೊಟ್ಟಿ ತೊಳೆದೆ. ನೀರು ಪೂರ್ತಿ ಚೆಲ್ಲಿ, ತಳ ಗೋಡೆ ಎಲ್ಲ ತಿಕ್ಕಿ, ಅವರ ಅರ್ಧದ ಕೆಳಗೂ ತೂರಿ. ಫೆಬ್ರವರಿ ನನ್ನದೇ ತಿಂಗಳು.

ಇಂದು ವಿರೂಪಾಕ್ಷಪ್ಪನವರು ಬಂದರು. ಡೆಂಗ್ಯೂ ಎಂದು ಆಸ್ಪತ್ರೆಯಿಂದ ವರದಿ ಹೋಗಿದೆ. ಅಣ್ಣನ ಬಾಗಿಲ ಚೌಕದ ಮುಂದೆ ಕನ್ನಡಕ ಏರಿಸಿ ನಿಂತರು.

“ಜನವರಿ ಇಪ್ಪತ್ತೈದು. ಈ ಸಹಿ ನಿಮ್ಮದೇನ್ರಿ?”

“ಹೌದ್ರಿ.”

“ಒಳಗ ಹೋಗಿದ್ರಿ?”

ಮಾತು ತಪ್ಪಿಸಲು, ಚಹಾ ಕುಡಿಸೋಣವೆಂದು ನಮ್ಮ ಮನೆಯೊಳಗೆ ಕರೆದರೆ ಕಿಟಕಿಯ ಬಾಟಲಿ ಅವರ ಕಣ್ಣಿಗೆ ಬಿತ್ತು. ಮರಿಗಳು ಸೊಳ್ಳೆಗಳಾಗಿ, ಬಿಳಿ ಪಟ್ಟೆಯ ಕಾಲು ಊರಿ ಗಾಜಿನ ಒಳಬದಿಗೆ ಕೂತಿದ್ದವು. ಕೆಲವು ಸತ್ತಿದ್ದವು. ಚೀಟಿ ಓದಿದರು, ನನ್ನದೇ ಮುದ್ದಾದ ಅಕ್ಷರ.

“ಇಪ್ಪತ್ತೊಂದಕ್ಕ ಗೊತ್ತಿತ್ತು ಅಂದಂಗಾತು. ಅವರಿಗೆ ಜ್ವರಾ ಬಂದದ್ದ ಇಪ್ಪತ್ತೇಳಕ್ಕ.”

ಮೆಮೋ ಕೊಡುತ್ತಾರಂತೆ. ಸರಕಾರಿ ಸೀಲು ಬಿದ್ದ ಕಾಗದ. ಕೊಡಲಿ.

ಫೆಬ್ರವರಿ 8, ಶನಿವಾರ

ಬಂದಳು. ಅದೇ ಟೆಂಪೋದಲ್ಲಿ. ಕಿಟಕಿಯಿಂದ ನೋಡಿದೆ. ಅಣ್ಣನ ಭುಜ ಹಿಡಿದು ಇಳಿದಳು, ಸೀರೆಯೊಳಗೆ ಅರ್ಧ ಮನುಷ್ಯಳು. ನನಗೆ ಅಳು ಬಂತು. ಸಕೀನಾಬಿಗೆ ಕಾಣದ ಹಾಗೆ ಅತ್ತೆ.

ಸಂಜೆ ಸಕೀನಾಬಿ ಗಂಜಿ ಒಯ್ದಳು. ಅವಳನ್ನು ಒಳಗೆ ಬಿಟ್ಟರು. ಬರುವಾಗ ಮಾತು ಹೊತ್ತು ತಂದಳು, ಒಂದಕ್ಷರ ಬಿಡದೆ ಹೇಳು ಅಂದಿದ್ದಾಳಂತೆ ಭಾಬಿ.

“ನನ್ನ ಕಿವ್ಯಾಗ ಮಾಫಿ ಕೇಳೂದು ಬ್ಯಾಡ. ಓಣಿಗೆ ಹೇಳ್ಯಾನ, ಓಣಿಗೇ ಹೇಳ್ಲಿ. ಈದ್ ನಮಾಜ್ ಮುಗಿಸಿ ಮಂದಿ ಬರೂ ಹೊತ್ತಿಗೆ, ಅದ ತೊಟ್ಟಿ ಮ್ಯಾಲೆ ನಿಂತು. ಇಲ್ಲಂದ್ರ ನಾಳೆ ನನ್ನ ಹೆಣಕ್ಕೂ ಅವನ ಹೆಗಲು ಬ್ಯಾಡ.”

ಸಾವಿನ ಬಾಗಿಲಿಂದ ಬಂದರೂ ನಾಲಿಗೆ ಮಾತ್ರ ಒಂದಿಷ್ಟೂ ಸವೆದಿಲ್ಲ. ಸಿಟ್ಟು ಬಂತು. ನಾನು ಗುರುತು ಹಿಡಿಯದಿದ್ದರೆ ಎಲ್ಲಿರುತ್ತಿದ್ದಳು ಎಂದು ಕೂಗಿದೆ. ಸಕೀನಾಬಿ ಅಂದಳು, “ನೀವು ಮೊದಲನೇ ದಿನ ಹಿಡದಿದ್ರ ಎಲ್ಲಿರತಿದ್ರು?”

ಆಮೇಲೆ ಅಂದಳು, “ಇನ್ನೊಂದ ಕೇಳ್ಯಾರ. ಅವನ ಮೊದಲನೇ ರೋಜಾ ಅವಗ ನೆನಪ ಐತೇನ ಅಂತ. ಏನ್ರಿ ಅದು?”

ನೆನಪಿಲ್ಲ ಎಂದೆ.

ಫೆಬ್ರವರಿ 9, ಭಾನುವಾರ

ನೆನಪಿದೆ.

ಒಂಬತ್ತು ವರ್ಷ ನನಗೆ. ಅಮ್ಮಾ ತೀರಿಕೊಂಡ ವರ್ಷ. ಭಾಬಿ ಮದುವೆಯಾಗಿ ಬಂದು ಕೆಲವೇ ತಿಂಗಳು, ಅವಳೇ ಹುಡುಗಿ. ಸಹರಿಗೆ ಎಬ್ಬಿಸಿ ಉಣ್ಣಿಸಿ ಮೊದಲ ರೋಜಾ ಹಿಡಿಸಿದಳು. ಮಧ್ಯಾಹ್ನ ನೀರಡಿಕೆ ತಡೆಯಲಾಗಲಿಲ್ಲ. ಯಾರೂ ಇಲ್ಲವೆಂದು ತೊಟ್ಟಿಗೆ ಬಗ್ಗಿ, ಬೊಗಸೆ ಬೊಗಸೆ ಕುಡಿದೆ. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಭಾಬಿ, ಕೈಗೆ ಹಿಟ್ಟು. ನೋಡಿದಳು. ಒಳಗೆ ಹೋದಳು.

ಸಂಜೆ ಓಣಿಯವರೆಲ್ಲ ಬಂದರು. ಮೊದಲ ರೋಜಾದ ಹುಡುಗನಿಗೆ ಹಾಕುವ ಹೂವಿನ ಹಾರ ಅವಳೇ ಹಾಕಿದಳು. “ನಮ್ಮ ಶಾಬು ಗಟ್ಟಿ ಹುಡುಗ, ಹನಿ ನೀರ ಬೇಡ್ಲಿಲ್ಲ” ಅಂದಳು. ಅಬ್ಬಾ ನನ್ನ ತಲೆ ಸವರಿದರು.

ಇಪ್ಪತ್ತೊಂಬತ್ತು ವರ್ಷ. ಅಬ್ಬಾನಿಗೆ ಹೇಳಲಿಲ್ಲ, ಅಣ್ಣನಿಗೆ ಹೇಳಲಿಲ್ಲ. ಪಾಲಿನ ದಿನ ಏನೆಲ್ಲ ಅಂದಳು, ಅದನ್ನು ಅನ್ನಲಿಲ್ಲ. ನಾನು ತೊಟ್ಟಿಯ ಮೇಲೆ ನಿಂತು ಕೂಗಿದ ದಿನ ಒಂದು ಮಾತು ಸಾಕಿತ್ತು. ಆಗಲೂ ಹೇಳಲಿಲ್ಲ. ನಾಚಿಕೆಯಿಂದ ಮೈ ಸುಡುತ್ತಿದೆ.

ಈದಿನ ಚಂದ್ರ ಕಂಡನಂತೆ. ಓಣಿಯಲ್ಲಿ ಗದ್ದಲ.

ಫೆಬ್ರವರಿ 10, ಸೋಮವಾರ, ಈದ್, ಬೆಳಿಗ್ಗೆ 9.40

ಈದ್ಗಾದಿಂದ ಎಲ್ಲರಿಗಿಂತ ಮೊದಲು ಬಂದೆ, ಯಾರನ್ನೂ ತಬ್ಬಿಕೊಳ್ಳದೆ. ಅಣ್ಣ ಎರಡು ಸಾಲು ಮುಂದಿದ್ದ, ತಿರುಗಿ ನೋಡಲಿಲ್ಲ.

ಬರೆದುಕೊಂಡು ಹೇಳಿದರೆ ನಾಲಿಗೆ ತಪ್ಪುವುದಿಲ್ಲ. ಇಲ್ಲದಿದ್ದರೆ ನಡುವೆ ಪಾಲುಪತ್ರ ಬಂದುಬಿಡುತ್ತದೆ, ನನ್ನ ಬುದ್ಧಿ ನನಗೆ ಗೊತ್ತು.

ಗೋಡೆಯ ಆಚೆ ಕುರ್ಚಿ ಎಳೆದ ಸದ್ದು. ಕೂತಿದ್ದಾಳೆ. ಬೀದಿಯ ತಿರುವಿನಲ್ಲಿ ಜನರ ಮಾತು ಕೇಳುತ್ತಿದೆ.

“ಓಣಿಯವರು ಕೇಳ್ರಿ. ಆವತ್ತ ಗಟಾರದಾಗ ನೀವು ನೋಡಿದ್ದು ಎಲಿ ಅಡಿಕಿ ಅಲ್ಲ, ರಗತ. ಗುರುತ ಹಿಡಿಯೂದು ನನ್ನ ಕೆಲಸಾ ಇತ್ತು. ದ್ವೇಷದಾಗ ಹಿಡೀಲಿಲ್ಲ. ನಮ್ಮ ಭಾಬಿ ಹಸೀನಾಬಿ ರೋಜಾ ಮುರದಿಲ್ಲ. ಈ ಮನ್ಯಾಗ ರೋಜಾ ಮುರದವ ಒಬ್ಬನ ಅದಾನ, ಇದ ತೊಟ್ಟಿ ನೀರ ಕುಡದು. ಅವ ನಾನ.”